ಆಮೇಲೆ ಹಾಕಿಸಲು ಆಗದ್ದನ್ನು ಮೊದಲು ನೋಡಿ

ಹೋದ ವಾರ ಚಿಕ್ಕಮ್ಮನ ಮಗ ವಾಟ್ಸಾಪಿನಲ್ಲಿ ಒಂದು ಕಾರಿನ ಫೋಟೋ ಕಳಿಸಿದ. "ಅಣ್ಣ, 2017ರ ಮಾಡೆಲ್, ಸಿಂಗಲ್ ಓನರ್, ನಲವತ್ತು ಸಾವಿರನೂ ಓಡಿಲ್ಲ. ಎರಡೂಮುಕ್ಕಾಲಕ್ಕೆ ಕೊಡ್ತಾರಂತೆ. ಅಡ್ವಾನ್ಸ್ ಹಾಕಿಬಿಡ್ಲಾ?" ಅಂತ. ಫೋಟೋ ನೋಡಿದ ಕೂಡಲೇ ನನ್ನ ಕೈ ತಣ್ಣಗಾಯಿತು. ನಮ್ಮ ಮನೆಯಲ್ಲಿದ್ದಂಥದ್ದೇ ಕಾರು ಅದು. ಅದೇ ಮಾಡೆಲ್, ಅದೇ ಬೇಸ್ ವೇರಿಯಂಟ್, ಬಣ್ಣವೂ ಅದೇ ಬೆಳ್ಳಿ. ತಕ್ಷಣ ಫೋನ್ ಮಾಡಿ ಅರ್ಧ ಗಂಟೆ ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇಂಥದ್ದೇ ಫೋಟೋ ಮುಂದಿಟ್ಟುಕೊಂಡು ಯೋಚಿಸುತ್ತಿರುವವರು ಇನ್ನೂ ಎಷ್ಟು ಜನ ಇದ್ದಾರೋ.

ನಾವು ಕಾರು ತಗೊಂಡಿದ್ದು 2018ರ ಗಣೇಶನ ಹಬ್ಬಕ್ಕೆ. ಮನೆಗೆ ಮೊದಲ ಕಾರು. ಆರಿಸಿದವನು ನಾನೇ. ಒಂದು ತಿಂಗಳು ಮೈಲೇಜ್, ಸರ್ವಿಸ್ ಖರ್ಚು, ರೀಸೇಲ್ ರೇಟು ಎಲ್ಲವನ್ನೂ ಪುಸ್ತಕದಲ್ಲಿ ಬರೆದು ಹೋಲಿಸಿದ್ದೆ. ಗುದ್ದಿದರೆ ಒಳಗಿರುವವರಿಗೆ ಏನಾಗುತ್ತದೆ ಅನ್ನುವುದಕ್ಕೆ ಆ ಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ.

ಅದೇ ಕಾರಿನಲ್ಲಿ ಎರಡು ಏರ್‌ಬ್ಯಾಗ್, ಎಬಿಎಸ್ (ಜೋರಾಗಿ ಬ್ರೇಕ್ ತುಳಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇರುವ ವೇರಿಯಂಟ್ ಇತ್ತು, ಇಪ್ಪತ್ತೆರಡು ಸಾವಿರ ಜಾಸ್ತಿ. ಶೋರೂಮಿನ ಹುಡುಗ, "ಸಾರ್, ನೀವು ಊರಿಂದ ತಾಲ್ಲೂಕಿಗೆ ಓಡಾಡೋರು, ಎಷ್ಟು ಸ್ಪೀಡ್ ಹೋಗ್ತೀರ? ಬಲೂನು ಒಂದ್ಸಲ ಒಡೆದ್ರೆ ಅದಕ್ಕೇ ಮೂವತ್ತು ನಲವತ್ತು ಸಾವಿರ. ಆ ದುಡ್ಡಿಗೆ ಒಳ್ಳೆ ಆಕ್ಸೆಸರೀಸ್ ಹಾಕ್ಸಿ" ಅಂದ. ಅವನು ಹೇಳಿದಂತೆಯೇ ಆಯಿತು. ಟಚ್ ಸ್ಕ್ರೀನ್ ಸ್ಟೀರಿಯೋ, ಸೀಟ್ ಕವರ್, ಮುಂದೆ ಹೊಳೆಯುವ ಸ್ಟೀಲ್ ಗಾರ್ಡು, ಟೆಫ್ಲಾನ್ ಕೋಟಿಂಗ್, ಎಲ್ಲ ಸೇರಿ ಮೂವತ್ತೊಂದು ಸಾವಿರ. ಅಂದರೆ ಏರ್‌ಬ್ಯಾಗಿಗೆ ದುಡ್ಡು ಇರಲಿಲ್ಲ ಅಂತಲ್ಲ. ಇತ್ತು. ಬೇರೆ ಕಡೆ ಹಾಕಿದೆ. "ಬೇಕಾದ್ರೆ ಆಮೇಲೆ ಹಾಕಿಸ್ಕೊಂಡ್ರಾಯ್ತು" ಅಂತ ಅಪ್ಪನಿಗೆ ನಾನೇ ಹೇಳಿದ್ದೆ.

ಆಮೇಲೆ ಹಾಕಿಸಲು ಆಗುವುದಿಲ್ಲ. ಇದೊಂದನ್ನು ದಯವಿಟ್ಟು ನೆನಪಿಡಿ. ಸ್ಟೀರಿಯೋ ಆಮೇಲೆ ಬರುತ್ತದೆ, ಅಲಾಯ್ ವೀಲ್ ಬರುತ್ತದೆ, ರಿವರ್ಸ್ ಕ್ಯಾಮೆರಾ ಬರುತ್ತದೆ. ಏರ್‌ಬ್ಯಾಗ್ ಅಂದರೆ ಸ್ಟೀರಿಂಗಿನೊಳಗೆ ಮಡಚಿಟ್ಟ ಚೀಲ ಮಾತ್ರ ಅಲ್ಲ. ಗುದ್ದಿದ್ದನ್ನು ಗುರುತಿಸುವ ಸೆನ್ಸರ್, ಕಂಪ್ಯೂಟರ್, ವೈರಿಂಗ್, ಬೆಲ್ಟನ್ನು ಆ ಕ್ಷಣ ಬಿಗಿಯಾಗಿ ಎಳೆಯುವ ಪ್ರಿಟೆನ್ಷನರ್, ಎಲ್ಲವನ್ನೂ ಆ ಕಾರಿನ ರಚನೆಗೆ ತಕ್ಕಂತೆ ಕಾರ್ಖಾನೆಯಲ್ಲೇ ಹೊಂದಿಸಿರುತ್ತಾರೆ. ಎಬಿಎಸ್ಸೂ ಹಾಗೆಯೇ. ಬಾಡಿಯ ಗಟ್ಟಿತನವಂತೂ ಯಾವ ಗ್ಯಾರೇಜಿನಲ್ಲೂ ಸಿಗುವುದಿಲ್ಲ.

2022ರ ಜುಲೈ. ದೊಡ್ಡಪ್ಪನ ತಿಥಿ ಮುಗಿಸಿಕೊಂಡು ಮನೆಯವರು ಕಡೂರಿನಿಂದ ವಾಪಸ್ ಬರುತ್ತಿದ್ದರು. ನಾನು ಕೆಲಸದ ಮೇಲೆ ತುಮಕೂರಿನಲ್ಲಿದ್ದೆ. ತಮ್ಮ ಓಡಿಸುತ್ತಿದ್ದ, ಪಕ್ಕದಲ್ಲಿ ಅಪ್ಪ. ಹಿಂದೆ ಅಮ್ಮ, ತಮ್ಮನ ಹೆಂಡತಿ, ಅಮ್ಮನ ಮಡಿಲಲ್ಲಿ ನನ್ನ ನಾಲ್ಕು ವರ್ಷದ ಮಗಳು. ಮುಂದಿನ ಇಬ್ಬರು ಬೆಲ್ಟ್ ಹಾಕಿದ್ದರು. ಹಿಂದೆ ಯಾರೂ ಹಾಕಿರಲಿಲ್ಲ. ಸೀಟ್ ಕವರ್ ಹಾಕುವಾಗ ಹಿಂದಿನ ಬೆಲ್ಟಿನ ಬಕಲ್‌ಗಳು ಕವರಿನ ಕೆಳಗೇ ಉಳಿದಿದ್ದವು. ನಾಲ್ಕು ವರ್ಷ ಅವನ್ನು ಯಾರೂ ಹೊರಗೆ ತೆಗೆದಿರಲಿಲ್ಲ.

ಬಾಣಾವರ ದಾಟಿದ ಮೇಲೆ ಸೋನೆ ಮಳೆ. ಎದುರಿನಿಂದ ಬಸ್ಸನ್ನು ಹಿಂದೆ ಹಾಕಲು ಒಂದು ಗೂಡ್ಸ್ ಟೆಂಪೋ ನಮ್ಮ ಕಡೆಗೆ ನುಗ್ಗಿತು. ತಮ್ಮ ಬ್ರೇಕ್ ತುಳಿದ. ಎಬಿಎಸ್ ಇಲ್ಲ, ಚಕ್ರಗಳು ಕಚ್ಚಿಕೊಂಡವು. ಸ್ಟೀರಿಂಗ್ ಎಡಕ್ಕೆ ಪೂರ್ತಿ ತಿರುಗಿಸಿದರೂ ಕಾರು ನೆಟ್ಟಗೆ ಜಾರಿಕೊಂಡೇ ಹೋಯಿತು ಅಂತ ಅವನು ಇವತ್ತಿಗೂ ಹೇಳುತ್ತಾನೆ. ಚಕ್ರ ಕಚ್ಚಿಕೊಂಡ ಮೇಲೆ ಸ್ಟೀರಿಂಗ್ ಕೆಲಸ ಮಾಡುವುದಿಲ್ಲ. ಎಬಿಎಸ್ ಇರುವುದೇ ಬ್ರೇಕ್ ತುಳಿದಿರುವಾಗಲೂ ತಿರುಗಿಸಲು ಆಗಲಿ ಅಂತ. ಆ ರಸ್ತೆಯಲ್ಲಿ ಎಡಕ್ಕೆ ಮಣ್ಣಿನ ಜಾಗ ಬೇಕಾದಷ್ಟಿತ್ತು.

ಟೆಂಪೋ ಗುದ್ದಿದ್ದು ನಮ್ಮ ಕಾರಿನ ಬಲ ಮೂಲೆಗೆ, ಡ್ರೈವರ್ ಕಡೆಗೆ. ಬಲಗಡೆ ಗಾಜಿನ ಪಕ್ಕದ ಕಂಬ ಮಡಚಿಕೊಂಡಿತು, ಬಾಗಿಲು ತೆಗೆಯಲು ಬರಲಿಲ್ಲ. ಬಸ್ಸಿನವರು, ಪಕ್ಕದ ತೋಟದವರು ಹಾರೆ ತಂದು ಮೀಟಿ ತಮ್ಮನನ್ನು ಹೊರಗೆ ತೆಗೆಯುವ ಹೊತ್ತಿಗೆ ಮುಕ್ಕಾಲು ಗಂಟೆ. ಸ್ಟೀರಿಂಗ್ ಎದೆಗೆ ಬಡಿದು ನಾಲ್ಕು ಪಕ್ಕೆಲುಬು ಮುರಿದಿದ್ದವು. ಅದಕ್ಕಿಂತ ಕೆಟ್ಟದ್ದು ಕಾಲಿನದು. ಪೆಡಲ್ ಇರುವ ಜಾಗವೇ ಒಳಕ್ಕೆ ನುಗ್ಗಿ ಬಲಗಾಲಿನ ತೊಡೆಮೂಳೆ ಮುರಿದಿತ್ತು, ಪಾದದ ಕೀಲು ಪುಡಿಯಾಗಿತ್ತು. ಮೂರು ಆಪರೇಷನ್ ಆಯಿತು. ಇಂದಿಗೂ ಅವನು ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಾನೆ. ಎಡಗಡೆ ಕೂತಿದ್ದ ಅಪ್ಪನಿಗೆ ಬೆಲ್ಟ್ ಉಜ್ಜಿದ ಗಾಯ, ಭುಜದ ನೋವು, ಅಷ್ಟೇ. ತಮ್ಮನ ಹೆಂಡತಿಗೆ ಮುಂದಿನ ಸೀಟಿಗೆ ಬಡಿದು ಹಲ್ಲು ಹೋಯಿತು. ಅಮ್ಮನ ಕೈ ಮುರಿಯಿತು. ಮಗಳು ಮಡಿಲಿನಿಂದ ಹಾರಿ ಎರಡು ಸೀಟಿನ ನಡುವೆ ಗೇರ್ ಹತ್ತಿರ ಬಿದ್ದಿದ್ದಳು. ಕುತ್ತಿಗೆ ಕೆಳಗಿನ ಮೂಳೆ ಮುರಿದಿತ್ತು, ಹಣೆಗೆ ಹದಿನಾಲ್ಕು ಹೊಲಿಗೆ.

"ನಾನು ಗಟ್ಟಿಯಾಗಿ ಹಿಡ್ಕೊಂಡಿದ್ದೆ ಕಣಪ್ಪ" ಅಂತ ಅಮ್ಮ ಆಸ್ಪತ್ರೆಯಲ್ಲಿ ಎಷ್ಟು ಸಲ ಹೇಳಿದರೋ. ಅವರ ತಪ್ಪಲ್ಲ. ಅರವತ್ತರ ವೇಗದ ಕಾರು ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, ಹದಿನೈದು ಕೆಜಿ ತೂಕದ ಮಗುವನ್ನು ತಡೆಹಿಡಿಯಲು ಬೇಕಾಗುವುದು ಇನ್ನೂರೈವತ್ತು ಕೆಜಿ ಎತ್ತುವಷ್ಟು ಬಲ. ಅಷ್ಟು ಬಲ ಯಾವ ಅಜ್ಜಿಯ ಕೈಯಲ್ಲೂ ಇಲ್ಲ, ಯಾವ ಪೈಲ್ವಾನನ ಕೈಯಲ್ಲೂ ಇಲ್ಲ. ನಮ್ಮದಾಗಿ ಎರಡು ತಿಂಗಳಿಗೆ, ಸೆಪ್ಟೆಂಬರ್ 4ಕ್ಕೆ, ಮಹಾರಾಷ್ಟ್ರದ ಪಾಲ್ಘರ್ ಹತ್ತಿರ ಕಾರು ಅಪಘಾತದಲ್ಲಿ ಟಾಟಾ ಸನ್ಸ್‌ನ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ತೀರಿಕೊಂಡ ಸುದ್ದಿ ಬಂತು. ದುಬಾರಿ ಐಷಾರಾಮಿ ಕಾರು, ಹಿಂದಿನ ಸೀಟು, ಬೆಲ್ಟ್ ಇಲ್ಲ. ಹಿಂದೆ ಕೂತವರು ಬೆಲ್ಟ್ ಹಾಕದಿದ್ದರೆ ಸಾವಿರ ರೂಪಾಯಿ ದಂಡ ಅನ್ನುವ ಕಾನೂನು ಇದೆ ಅಂತಲೂ ನಮ್ಮೂರಲ್ಲಿ ಬಹಳ ಜನಕ್ಕೆ ಗೊತ್ತಾಗಿದ್ದು ಆಗಲೇ.

ತಮ್ಮ ಹಾಸಿಗೆಯಲ್ಲಿದ್ದ ಆ ತಿಂಗಳುಗಳಲ್ಲಿ, ಕಾರು ಕೊಳ್ಳುವ ಮೊದಲು ಓದಬೇಕಾಗಿದ್ದನ್ನೆಲ್ಲ ಓದಿದೆ. ಗ್ಲೋಬಲ್ ಎನ್‌ಕ್ಯಾಪ್ ಅನ್ನುವ ಸಂಸ್ಥೆ 2014ರಲ್ಲಿ ಭಾರತದ ಐದು ಕಾರುಗಳನ್ನು ಗುದ್ದಿಸಿ ನೋಡಿತ್ತು. ಗಂಟೆಗೆ 64 ಕಿಲೋಮೀಟರ್ ವೇಗ. ಮುಂಭಾಗದ ಪೂರ್ತಿ ಅಗಲ ಅಲ್ಲ, ಡ್ರೈವರ್ ಕಡೆಯ ಶೇಕಡಾ 40ರಷ್ಟು ಮಾತ್ರ ತಡೆಗೆ ಬಡಿಯುವಂತೆ. ಎದುರು ಬದುರು ಗಾಡಿಗಳು ಹೆಚ್ಚಾಗಿ ಹಾಗೆಯೇ ಗುದ್ದಿಕೊಳ್ಳುವುದು, ನಮಗಾದದ್ದೂ ಅದೇ. ಆಲ್ಟೋ 800, ನ್ಯಾನೋ, ಐ10, ಫಿಗೋ, ಪೋಲೋ, ಐದಕ್ಕೂ ದೊಡ್ಡವರ ರಕ್ಷಣೆಯಲ್ಲಿ ಸೊನ್ನೆ ಸ್ಟಾರ್. ಒಂದರಲ್ಲೂ ಏರ್‌ಬ್ಯಾಗ್ ಇರಲಿಲ್ಲ.

ಆದರೆ ಆ ಐದು ಸೊನ್ನೆಗಳು ಒಂದೇ ಅಲ್ಲ. ನನಗೆ ಅರ್ಥವಾಗಲು ಸಮಯ ಹಿಡಿದದ್ದು ಇದು. ಫಿಗೋ, ಪೋಲೋಗಳಲ್ಲಿ ಜನ ಕೂರುವ ಗೂಡು ಆಕಾರ ಉಳಿಸಿಕೊಂಡಿತ್ತು, ಉಳಿದ ಮೂರರಲ್ಲಿ ಅದೇ ಕುಸಿದಿತ್ತು. ಎರಡು ಏರ್‌ಬ್ಯಾಗ್ ಇರುವ ಪೋಲೋವನ್ನು ಮತ್ತೆ ಗುದ್ದಿಸಿದಾಗ ನಾಲ್ಕು ಸ್ಟಾರ್ ಬಂತು. ಗೂಡು ಗಟ್ಟಿ ಇದ್ದರೆ ಏರ್‌ಬ್ಯಾಗ್ ಪೂರ್ತಿ ಕೆಲಸಕ್ಕೆ ಬರುತ್ತದೆ. ಗೂಡೇ ಕುಸಿದರೆ ಎದೆ ತಲೆ ಸ್ವಲ್ಪ ಉಳಿದೀತು, ಕಾಲು ಉಳಿಯುವುದಿಲ್ಲ. ಹಾಗಾಗಿ ಇಪ್ಪತ್ತೆರಡು ಸಾವಿರ ಹೆಚ್ಚು ಕೊಟ್ಟಿದ್ದರೆ ಎಲ್ಲ ಸರಿಯಾಗುತ್ತಿತ್ತು ಅಂತ ನಾನು ಹೇಳುತ್ತಿಲ್ಲ. ಎಬಿಎಸ್ ಇದ್ದಿದ್ದರೆ ಗುದ್ದುವುದೇ ತಪ್ಪುತ್ತಿತ್ತೇನೋ, ಏರ್‌ಬ್ಯಾಗ್ ಇದ್ದಿದ್ದರೆ ಪಕ್ಕೆಲುಬಾದರೂ ಉಳಿಯುತ್ತಿತ್ತೇನೋ. ತಮ್ಮನ ಕಾಲಿಗೆ ಬೇರೆ ಕಾರೇ ಬೇಕಾಗಿತ್ತು.

ಟೆಸ್ಟ್ ವರದಿಯಲ್ಲಿ ಗೂಡಿನ ಬಗ್ಗೆ "ಸ್ಟೇಬಲ್" ಅಥವಾ "ಅನ್‌ಸ್ಟೇಬಲ್" ಅಂತ ಒಂದು ಮಾತು ಇರುತ್ತದೆ. ಕಾಲಿಡುವ ಜಾಗಕ್ಕೆ ಬೇರೆಯಾಗಿಯೂ ಹೇಳುತ್ತಾರೆ. ಸ್ಟಾರ್ ನೋಡುವ ಮೊದಲು ನಾನು ಈಗ ಆ ಮಾತನ್ನು ಹುಡುಕುತ್ತೇನೆ. ಆರು ಏರ್‌ಬ್ಯಾಗ್ ಇದ್ದೂ ಅನ್‌ಸ್ಟೇಬಲ್ ಅನ್ನಿಸಿಕೊಂಡು ಮೂರೇ ಸ್ಟಾರ್ ಪಡೆದ ಕಾರು 2022ರಲ್ಲೇ ಇತ್ತು. ಬಾಗಿಲು ಹಾಕಿದಾಗ "ದಬ್" ಅನ್ನುವ ಸದ್ದು, ಬಾನೆಟ್ಟಿನ ತಗಡು ಬೆರಳಿಗೆ ಗಟ್ಟಿ ಅನ್ನಿಸುವುದು, ಇವುಗಳಿಂದ ಏನೂ ತಿಳಿಯುವುದಿಲ್ಲ. ಮೂತಿ ನಜ್ಜುಗುಜ್ಜಾಗಲೇಬೇಕು, ಏಟಿನ ಬಲವನ್ನು ನುಂಗುವುದೇ ಅದರ ಕೆಲಸ. ನಜ್ಜಾಗಬಾರದ್ದು ಅದರ ಹಿಂದಿರುವ ಗೂಡು. ನಾವು ಆಸೆಪಟ್ಟು ಹಾಕಿಸಿದ್ದ ಸ್ಟೀಲ್ ಗಾರ್ಡು ಆ ಮೂತಿಯ ಕೆಲಸಕ್ಕೇ ಅಡ್ಡ. ಕೇಂದ್ರ ಸಾರಿಗೆ ಸಚಿವಾಲಯ ಅದನ್ನು ತೆಗೆಸಿ ಅಂತ ರಾಜ್ಯಗಳಿಗೆ 2017ರ ಡಿಸೆಂಬರಿನಲ್ಲೇ ಬರೆದಿತ್ತು. ನಮಗೆ ಅದನ್ನು ಮಾರಿದ್ದು 2018ರಲ್ಲಿ.

ಈಗ ಹಳೇ ಕಾರಿನ ಮಾತು. ಎಬಿಎಸ್ ಎಲ್ಲ ಕಾರುಗಳಿಗೂ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಡ್ರೈವರ್ ಏರ್‌ಬ್ಯಾಗ್ ಆ ವರ್ಷದ ಜುಲೈನಿಂದ. ಎದುರಿನಿಂದ ಮತ್ತು ಪಕ್ಕದಿಂದ ಗುದ್ದಿಸಿ ನೋಡುವ ಸರ್ಕಾರಿ ಪರೀಕ್ಷೆ ಆಗ ಮಾರಾಟದಲ್ಲಿದ್ದ ಹಳೇ ಮಾಡೆಲ್‌ಗಳಿಗೂ ಬಂದದ್ದು ಅದೇ ವರ್ಷದ ಅಕ್ಟೋಬರಿನಿಂದ. ಪಕ್ಕದ ಸೀಟಿನವರ ಏರ್‌ಬ್ಯಾಗ್ ಎಲ್ಲ ಕಾರಿಗೂ ಬರುವ ಹೊತ್ತಿಗೆ 2021 ಮುಗಿದಿತ್ತು. ಎರಡು ಮೂರು ಲಕ್ಷಕ್ಕೆ ಸಿಗುವ "ಕಮ್ಮಿ ಓಡಿದ, ಸಿಂಗಲ್ ಓನರ್" ಕಾರುಗಳು ಬಹುಪಾಲು ಇದಕ್ಕೂ ಹಿಂದಿನವು. ಆರ್‌ಸಿಯಲ್ಲಿ ತಯಾರಾದ ತಿಂಗಳು ಇರುತ್ತದೆ, ಅದನ್ನು ನೋಡಿ.

ಹಳೇ ಕಾರಿನಲ್ಲಿ ಏರ್‌ಬ್ಯಾಗ್ ಇದೆ ಅಂತ ಹೇಳಿದರೂ ನಂಬಿಬಿಡಬೇಡಿ. ಕೀ ಆನ್ ಮಾಡಿದಾಗ ಮೀಟರಿನಲ್ಲಿ ಏರ್‌ಬ್ಯಾಗಿನ ಕೆಂಪು ದೀಪ ಹತ್ತಿ, ಕೆಲವು ಸೆಕೆಂಡಿಗೆ ಆರಬೇಕು. ಆರದಿದ್ದರೆ ದೋಷ. ಹತ್ತಲೇ ಇಲ್ಲ ಅಂದರೆ ಇನ್ನೂ ಅನುಮಾನ, ಒಮ್ಮೆ ಒಡೆದ ಏರ್‌ಬ್ಯಾಗ್ ಬದಲಿಸದೆ ದೀಪವನ್ನೇ ಕಿತ್ತಿರಬಹುದು. ಸ್ಟೀರಿಂಗಿನ ನಡುವಿನ ಮುಚ್ಚಳ, ಡ್ಯಾಶ್‌ಬೋರ್ಡಿನ ಎಡಭಾಗ ಅಂಟಿಸಿದ ಹಾಗೋ ಬೇರೆ ಬಣ್ಣದ ಹಾಗೋ ಕಂಡರೆ ಕಂಪನಿ ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನ್ ಮಾಡಿಸದೆ ದುಡ್ಡು ಕೊಡಬೇಡಿ.

ಹೊಸ ಕಾರು ತಗೊಳ್ಳುವವರಿಗೆ ನಮಗಿಂತ ಅನುಕೂಲ ಇದೆ. 2023ರ ಅಕ್ಟೋಬರಿನಿಂದ ಭಾರತ್ ಎನ್‌ಕ್ಯಾಪ್ ಇದೆ, ಇಲ್ಲೇ ಗುದ್ದಿಸಿ ಸ್ಟಾರ್ ಕೊಡುತ್ತಾರೆ. ಆದರೆ ಅದು ಕಂಪನಿಗಳಿಗೆ ಕಡ್ಡಾಯವಲ್ಲ. ಟೆಸ್ಟ್ ಮಾಡಿಸದ ಕಾರಿಗೆ ಸ್ಟಾರೇ ಇರುವುದಿಲ್ಲ. "ಇನ್ನೂ ಟೆಸ್ಟ್ ಆಗಿಲ್ಲ ಸಾರ್, ಆದ್ರೆ ತುಂಬಾ ಸ್ಟ್ರಾಂಗ್" ಅಂದರೆ ಟೆಸ್ಟ್ ಆದದ್ದನ್ನು ತೋರಿಸಿ ಅನ್ನಿ. ಸ್ಟಾರ್ ಕೊಟ್ಟ ವರ್ಷವನ್ನೂ ಕೇಳಿ. ಗ್ಲೋಬಲ್ ಎನ್‌ಕ್ಯಾಪ್ 2022ರ ಜುಲೈನಲ್ಲಿ ನಿಯಮ ಬಿಗಿ ಮಾಡಿತು, ಪಕ್ಕದಿಂದ ಬೀಳುವ ಏಟು, ಕಾರು ಜಾರದಂತೆ ತಡೆಯುವ ಇಎಸ್‌ಸಿ ಎಲ್ಲ ಲೆಕ್ಕಕ್ಕೆ ಬಂದವು. ಅದಕ್ಕೂ ಹಿಂದಿನ ನಾಲ್ಕು ಸ್ಟಾರನ್ನು ಈಗಿನ ನಾಲ್ಕಕ್ಕೆ ಸಮ ಅಂದುಕೊಳ್ಳಬಾರದು. ಐದು ಸ್ಟಾರ್ ಇದೆ ಅಂತ ಎಕ್ಸ್‌ಪ್ರೆಸ್‌ವೇಯಲ್ಲಿ ನೂರಿಪ್ಪತ್ತು ತುಳಿಯುವವರಿಗೂ ಒಂದು ಮಾತು: ಟೆಸ್ಟ್ ಮಾಡಿದ್ದು 64ರಲ್ಲಿ. ನೂರರ ವೇಗದಲ್ಲಿ ಕಾರು ಹೊತ್ತಿರುವ ಶಕ್ತಿ ಅದರ ಸುಮಾರು ಎರಡೂವರೆ ಪಟ್ಟು.

ಮಕ್ಕಳಿರುವವರು ಹಿಂದಿನ ಸೀಟಿನ ಸಂದಿಗೆ ಕೈ ಹಾಕಿ ಐಸೋಫಿಕ್ಸ್ ಕೊಂಡಿ ಇದೆಯಾ ನೋಡಿ. ಚೈಲ್ಡ್ ಸೀಟನ್ನು ಅದಕ್ಕೇ ಸಿಕ್ಕಿಸುವುದು. ಸೀಟ್ ಕವರ್ ಹಾಕಿಸುವುದಾದರೆ ಪಕ್ಕದಲ್ಲೇ ನಿಂತು ಮೂರೂ ಬಕಲ್ ಹೊರಗೆ ತೆಗೆಸಿ. ಬೆಲ್ಟ್ ಹಾಕದೆಯೇ ಅಲಾರಂ ನಿಲ್ಲಿಸುವ ಕ್ಲಿಪ್ಪನ್ನು ಯಾರಾದರೂ ಉಡುಗೊರೆಯಾಗಿ ಕೊಟ್ಟರೂ ಬಿಸಾಕಿ.

ಚಿಕ್ಕಮ್ಮನ ಮಗ ಆ ಕಾರಿಗೆ ಅಡ್ವಾನ್ಸ್ ಹಾಕಲಿಲ್ಲ. ಇನ್ನೂ ಎಂಬತ್ತು ಸಾವಿರ ಹೊಂದಿಸಿಕೊಂಡು 2020ರ ನಂತರದ ಒಂದನ್ನು ಹುಡುಕಿದ್ದಾನೆ. ಎರಡು ಏರ್‌ಬ್ಯಾಗ್, ಎಬಿಎಸ್, ಟೆಸ್ಟ್ ವರದಿಯಲ್ಲಿ ಗೂಡು ಸ್ಟೇಬಲ್. ಭಾನುವಾರ ತಿಪಟೂರಿಗೆ ನೋಡಲು ಹೋಗುತ್ತಿದ್ದೇವೆ. ತಮ್ಮನೂ ಬರುತ್ತೇನೆ ಅಂದಿದ್ದಾನೆ. ಅವನು ಈಗ ಯಾವ ಕಾರು ಕಂಡರೂ ಮೊದಲು ಬಾಗಿಲು ತೆಗೆದು, ಗೋಡೆಯಂತೆ ಬಾಗಿಲನ್ನೇ ಹಿಡಿದುಕೊಂಡು, ಪೆಡಲ್ ಇರುವ ಜಾಗವನ್ನು ಬಗ್ಗಿ ನೋಡುತ್ತಾನೆ.