ಆನ್‌ಲೈನ್ ಕಂಪೈಲರ್‌ಗೆ ಕೋಡ್ ಅಂಟಿಸುವ ಮುಂಚೆ ಇದನ್ನೊಮ್ಮೆ ಓದಿ

ನಾವು ಯಾರ ಕೋಡನ್ನೂ ಕದ್ದಿಲ್ಲ. ಆದರೂ ಕಾಪಿ ಹೊಡೆದವರ ಪಟ್ಟಿಯಲ್ಲಿ ನಮ್ಮ ತಂಡದ ಹೆಸರು ಬಂತು.

ವಿಶ್ವವಿದ್ಯಾಲಯ ಮಟ್ಟದ ಪ್ರೋಗ್ರಾಮಿಂಗ್ ಸ್ಪರ್ಧೆ, ಮೊದಲ ಸುತ್ತು ಆನ್‌ಲೈನ್. ನಿಯಮ ಹೆಚ್ಚುಕಡಿಮೆ ಕಾಲೇಜು ತಂಡಗಳ ಅಂತರರಾಷ್ಟ್ರೀಯ ಪ್ರೋಗ್ರಾಮಿಂಗ್ ಸ್ಪರ್ಧೆ ಐಸಿಪಿಸಿಯದ್ದೇ. ತಂಡಕ್ಕೆ ಮೂವರು, ಲೆಕ್ಕ ಬಿಡಿಸುವ ಮೊದಲು ಕಳಿಸಿದ ಒಂದೊಂದು ತಪ್ಪು ಉತ್ತರಕ್ಕೂ 20 ನಿಮಿಷ ದಂಡ. ಬೀದರ್‌ನ ನೌಬಾದ್‌ನಲ್ಲಿ ಗೆಳೆಯನ ಮನೆ. ಮೂವರೂ ಒಂದೇ ಮಂಚದ ಮೇಲೆ, ನಡುವೆ ಲ್ಯಾಪ್‌ಟಾಪ್. ಮೊದಲ ಲೆಕ್ಕ ಸಲೀಸಾಗಿ ಆಯಿತು. ಎರಡನೆಯದು ಅರ್ಧಕ್ಕೆ ಬಂದಾಗ ಮಳೆ ಹಿಡಿಯಿತು, ಕರೆಂಟ್ ಹೋಯಿತು. ನನ್ನ ಲ್ಯಾಪ್‌ಟಾಪ್ ವೈರ್ ಕಿತ್ತರೆ ಆಫ್ ಆಗುವ ಜಾತಿಯದ್ದು.

ಗೆಳೆಯ ಅಕ್ಕನ ಲ್ಯಾಪ್‌ಟಾಪ್ ತಂದ. ಅದರಲ್ಲಿ ವಿಎಸ್ ಕೋಡ್ ಇತ್ತು, ಬರೆದ ಕೋಡನ್ನು ಓಡಿಸುವ ರೂಪಕ್ಕೆ ತರುವ ಕಂಪೈಲರ್ ಇರಲಿಲ್ಲ. ವಿಎಸ್ ಕೋಡ್ ಬರೀ ಎಡಿಟರ್, ಸಿ ಪ್ಲಸ್ ಪ್ಲಸ್ ಓಡಿಸಲು ಜಿಸಿಸಿಯಂಥದ್ದನ್ನು ಬೇರೆ ಹಾಕಿಕೊಳ್ಳಬೇಕು ಅಲ್ವಾ? ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಅದನ್ನು ಇಳಿಸಿಕೊಳ್ಳುತ್ತಾ ಕೂರಲು ಪುರುಸೊತ್ತಿಲ್ಲ. ಕೈಗೆ ಸಿಕ್ಕ ಆನ್‌ಲೈನ್ ಕಂಪೈಲರ್ ತೆರೆದು ಕೋಡ್ ಅಂಟಿಸಿದೆವು. ಕೆಳಗೆ ಸಣ್ಣಕ್ಷರದಲ್ಲಿ ‘ಪಬ್ಲಿಕ್’ ಅಂತಿತ್ತು, ಅಂದರೆ ಹಾಕಿದ ಕೋಡನ್ನು ಯಾರು ಬೇಕಾದರೂ ನೋಡಬಹುದು. ಆಯ್ಕೆಯ ಚುಕ್ಕೆ ಮೊದಲೇ ಅದರ ಮೇಲಿತ್ತು. ನಾವ್ಯಾರೂ ಅದನ್ನು ಗಮನಿಸಲಿಲ್ಲ.

ಅಲ್ಲಿ ಓಡಿಸಿದ್ದಕ್ಕೇ ತಪ್ಪು ಗೊತ್ತಾಯಿತು, ಅದು ಬೇರೆ ಮಾತು. ಮೊತ್ತವನ್ನು ಇಂಟ್‌ನಲ್ಲಿ, ಅಂದರೆ ಒಂದು ಮಿತಿಯವರೆಗಿನ ಸಂಖ್ಯೆ ಮಾತ್ರ ಹಿಡಿಯುವ ಜಾಗದಲ್ಲಿ, ಇಟ್ಟಿದ್ದೆವು. 2147483647 ದಾಟಿದ ಕೂಡಲೇ ಉತ್ತರ ಮೈನಸ್‌ಗೆ ಹೋಗುತ್ತಿತ್ತು. ಅದನ್ನು ಇನ್ನೂ ದೊಡ್ಡ ಸಂಖ್ಯೆ ಹಿಡಿಯುವ ಲಾಂಗ್ ಲಾಂಗ್ ಮಾಡಿದೆವು. ಅಷ್ಟೊತ್ತಿಗೆ ಅಕ್ಕ ಚಹಾ ತಂದರು. ಕೋಡಿನ ಕೊನೆಗೆ ಸುಮ್ನೆ ‘ಚಾ ಬಂತು’ ಅಂತ ಒಂದು ಕಾಮೆಂಟ್, ಅಂದರೆ ಕಂಪ್ಯೂಟರ್ ಲೆಕ್ಕಕ್ಕೆ ತಗೊಳ್ಳದ ಟಿಪ್ಪಣಿ, ಬರೆದು, ಮತ್ತೊಮ್ಮೆ ಓಡಿಸಿ, ಕಳಿಸಿದೆವು. ಹಸಿರು ಟಿಕ್ ಬಿತ್ತು.

ನಾಲ್ಕು ದಿನ ಬಿಟ್ಟು ಮೇಲ್ ಬಂತು. ನಮ್ಮ ಕೋಡ್ ಪಕ್ಕದಲ್ಲಿ ಗುರುತು ಪರಿಚಯ ಇಲ್ಲದ ತಂಡವೊಂದರ ಕೋಡ್. ನಾವು ‘ಮೊತ್ತ’ ಅಂತ ವೇರಿಯಬಲ್‌ಗೆ ಹೆಸರಿಟ್ಟಿದ್ದಲ್ಲೆಲ್ಲ ಅವರು ‘ಆನ್ಸ್’ ಮಾಡಿಕೊಂಡಿದ್ದರು. ‘ಚಾ ಬಂತು’ ಮಾತ್ರ ಹಾಗೇ ಇತ್ತು, ಪುಣ್ಯಾತ್ಮರು ಅದೂ ಕೋಡಿನ ಭಾಗ ಅಂದುಕೊಂಡರೋ ಏನೋ.

ಹೋಲಿಕೆ ಹುಡುಕುವ ಮಾಸ್‌ನಂಥ ಪ್ರೋಗ್ರಾಂಗಳಿಗೆ ವೇರಿಯಬಲ್ ಹೆಸರು ಬದಲಿಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಅವು ನೋಡುವುದು ಕೋಡಿನ ಹೆಣಿಗೆಯನ್ನು. ಯಾರು ಯಾರಿಂದ ತೆಗೆದುಕೊಂಡರು ಅನ್ನುವುದನ್ನು ಅವು ಹೇಳುವುದಿಲ್ಲ. ಎರಡೂ ತಂಡ ಹೊರಗೆ. ನಾವು 11 ನಿಮಿಷ ಮೊದಲೇ ಕಳಿಸಿದ್ದೇವೆ ಅಂತ ಬರೆದೆವು. ಗೊತ್ತಿಲ್ಲದೆ ಸೋರಿದರೂ ನಿಯಮ ಮುರಿದಂತೆಯೇ ಅಂತ ಉತ್ತರ ಬಂತು. ವಿಪರೀತ ಸಿಟ್ಟು ಬಂತು. ನಿಯಮದ ಪುಟ ತೆಗೆದು ನೋಡಿದರೆ ಅದು ಅಲ್ಲೇ ಇತ್ತು. ಆನ್‌ಲೈನ್ ಪ್ರೋಗ್ರಾಮಿಂಗ್ ಸ್ಪರ್ಧೆ ನಡೆಸುವ ತಾಣ ಕೋಡ್‌ಫೋರ್ಸಸ್‌ನ ನಿಯಮವೂ ಇದನ್ನೇ ಹೇಳುತ್ತದೆ.

ಹಾಗಾಗಿ ಹಿಂದಿನ ದಿನವೇ ಎರಡು ಲ್ಯಾಪ್‌ಟಾಪ್‌ಗೆ ಕಂಪೈಲರ್ ಹಾಕಿ. ಇಂಟರ್ನೆಟ್ ಆಫ್ ಮಾಡಿ, ವೈರ್ ಕಿತ್ತು, ಒಂದು ಸಣ್ಣ ಪ್ರೋಗ್ರಾಂ ಓಡಿಸಿ ನೋಡಿ. ಅದೂ ಕೈಕೊಟ್ಟರೆ ಸ್ಪರ್ಧೆಯ ತಾಣದಲ್ಲೇ ಸ್ವಂತ ಇನ್‌ಪುಟ್ ಕೊಟ್ಟು ಓಡಿಸುವ ಜಾಗ ಇದೆಯಾ ಹುಡುಕಿ. ನಮ್ಮ ಸ್ಪರ್ಧೆಯಲ್ಲಿ ಇತ್ತು. ಗಡಿಬಿಡಿಯಲ್ಲಿ ಹೊಳೆಯಲಿಲ್ಲ.

ನಾವು ಕೋಡ್ ಅಂಟಿಸಿದ ಆ ಪುಟ ಇವತ್ತಿಗೂ ತೆರೆದೇ ಇದೆ. ಲಾಗಿನ್ ಆಗದೆ ಹಾಕಿದ್ದು ನೋಡಿ, ಅಳಿಸಲೂ ಬರುತ್ತಿಲ್ಲ.