ಅವರೆ ಹಿದುಕಿದಂತೆ ಒಂದು ಕ್ಲಿಕ್

ಬಲಗೈ ಮಣಿಕಟ್ಟಿಗೆ ಪ್ಲಾಸ್ಟರ್ ಬಿದ್ದ ಮೇಲೆ, ಬಸವನಗುಡಿಯ ಮನೆಯಲ್ಲೇ ಕರಡು ತಿದ್ದುವ ನನಗೆ ಮೌಸ್ ಹಿಡಿಯುವಂತಿರಲಿಲ್ಲ. ಮಗಳು ಕೈಸನ್ನೆಯ ತಂತ್ರಾಂಶವೊಂದನ್ನು ಹಾಕಿಕೊಟ್ಟಳು. ಕ್ಯಾಮೆರಾ ಕೈಯ 21 ಬಿಂದುಗಳನ್ನು ಗುರುತಿಸುತ್ತದೆ. ಹೆಬ್ಬೆರಳು, ತೋರುಬೆರಳುಗಳನ್ನು ಅವರೆಕಾಳು ಹಿದುಕುವಂತೆ ಒತ್ತಿದರೆ ಕ್ಲಿಕ್! ಎಡಗೈ ಎರಡೇ ದಿನಕ್ಕೆ ಪಳಗಿತು. ಆದರೆ ಹತ್ತು ನಿಮಿಷಕ್ಕೆ ತೋಳು ಸೋಲುತ್ತದೆ. ಸಂಜೆ ದೀಪ ಹಾಕದಿದ್ದರೆ ಪರದೆಯ ಮೇಲಿನ ಬಾಣ ಚಳಿ ಹಿಡಿದಂತೆ ನಡುಗುತ್ತದೆ.

ಬರೆಯುವುದಕ್ಕಾದರೆ ಗೂಗಲ್ ಡಾಕ್ಸ್‌ನ ಧ್ವನಿ ಟೈಪಿಂಗ್ ಎಷ್ಟೋ ವಾಸಿ. ನನ್ನ ಕನ್ನಡವನ್ನು, ಒತ್ತಕ್ಷರಗಳ ಸಮೇತ, ಚೆನ್ನಾಗಿ ಕೇಳಿಸಿಕೊಳ್ಳುತ್ತದೆ. ಮೊನ್ನೆ ಸಂಪಾದಕರಿಗೆ ಬರೆದ ಪತ್ರದ ನಡುವೆ ‘ದಂಟು, ಮೆಂತ್ಯ, ಸಬ್ಬಸಿಗೆ’ ಬಂದು ಕುಳಿತಿತ್ತು. ಸೊಪ್ಪಿನವಳು ಬರುವ ಹೊತ್ತಿಗೆ ಕಿಟಕಿ ತೆರೆದಿಟ್ಟವನು ನಾನೇ.