ಆಧಾರ್ ಹೆಸರು ತಿದ್ದುಪಡಿ ಸೇವೆ: ಗುತ್ಯಪ್ಪ, ಹಾಲಮ್ಮ ಕೌಂಟರಿಗೆ ಹೋಗುವ ಮುನ್ನ

ಸೊರಬದ ಚಂದ್ರಗುತ್ತಿ ಸೀಮೆಯಲ್ಲಿ ಗುತ್ಯಪ್ಪ, ಗುತ್ಯಮ್ಮ ಎಂಬ ಹೆಸರು ಯಾರಿಗೂ ಹೊಸತಲ್ಲ. ಅದೇ ಹೆಸರು ಕಂಪ್ಯೂಟರಿಗೆ ಹತ್ತುವಾಗ ಗುತ್ತಪ್ಪ, ಗುಟ್ಯಪ್ಪ, ಗುಥ್ಯಪ್ಪ ಹೀಗೆ ಏನು ಬೇಕಾದರೂ ಆಗುತ್ತದೆ. ತೊಂದರೆ ಗೊತ್ತಾಗುವುದು ಪಹಣಿಯ ಹೆಸರಿಗೂ ಆಧಾರ್ ಹೆಸರಿಗೂ ತಾಳೆಯಾಗದೆ ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ನಿಂತಾಗ, ಇಲ್ಲವೇ ಪ್ಯಾನ್ ಜೋಡಣೆ ಆಗದಿದ್ದಾಗ. ಇಂಥ ಹೆಸರಿನವರ ಕಣ್ಣಿನಿಂದ ಆಧಾರ್ ತಿದ್ದುಪಡಿ ಸೇವೆಯನ್ನು ತೂಗಿ ನೋಡಿದರೆ: ಖರ್ಚು ಕಡಿಮೆ, ಕೆಲಸ ಸರಳ, ಆದರೆ ತಪ್ಪಿಗೆ ಜಾಗ ತೀರಾ ಕಡಿಮೆ. ಹೆಸರನ್ನು ಜೀವಮಾನದಲ್ಲಿ ಎರಡೇ ಬಾರಿ ತಿದ್ದಿಸಬಹುದು. ರಾಮಪ್ಪನವರಿಗೆ ಇದು ಸಾಕು. ಗುತ್ಯಪ್ಪನವರಿಗೆ ಸಾಲದು ಎಂಬುದೇ ಈ ಸೇವೆಯ ಮೇಲಿನ ದೊಡ್ಡ ದೂರು.

ಹಾಗಾಗಿ ಅರ್ಧ ಕೆಲಸ ಮನೆಯಲ್ಲೇ ಮುಗಿಯಬೇಕು. ‘ತ’ ಅಕ್ಷರಕ್ಕೆ ಬರೀ ಟಿ ಸಾಕೋ, ಟಿಎಚ್ ಬೇಕೋ ಎಂದು ವಾದ ಮಾಡುತ್ತ ಕೂರಬೇಡಿ. ಓದಿದವರಾದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಏನಿದೆಯೋ ಅದೇ ನಿಮ್ಮ ಸ್ಪೆಲಿಂಗ್. ಅದು ಉಚ್ಚಾರಣೆಗೆ ಅಷ್ಟು ಹೊಂದದಿದ್ದರೂ ಸರಿ, ಎಲ್ಲ ದಾಖಲೆಯಲ್ಲೂ ಒಂದೇ ಇದ್ದರೆ ಕೆಲಸ ನಡೆಯುತ್ತದೆ. ಇನಿಶಿಯಲ್ಲನ್ನೂ ಆಗಲೇ ತೀರ್ಮಾನಿಸಿ. ನಮ್ಮ ಕಡೆ ಒಂದು ಅಕ್ಷರ ಊರಿನದು, ಇನ್ನೊಂದು ತಂದೆಯದು. ಪ್ಯಾನ್‌ನಲ್ಲಿ ಮೊದಲ ಹೆಸರಿಗಾಗಲಿ ಕೊನೆಯ ಹೆಸರಿಗಾಗಲಿ ಇನಿಶಿಯಲ್ ನಡೆಯುವುದಿಲ್ಲ, ಬಿಡಿಸಿಯೇ ಬರೆಯಬೇಕು. ಆಧಾರ್‌ನಲ್ಲೂ ಬಿಡಿಸಿ ಬರೆಸಿಬಿಟ್ಟರೆ ಮುಂದೆ ತಲೆನೋವಿಲ್ಲ.

ಕೊಡುವ ದಾಖಲೆಯಲ್ಲಿ ನೀವು ಕೇಳುತ್ತಿರುವ ಸ್ಪೆಲಿಂಗೇ ಇರಬೇಕು. ಎಷ್ಟೋ ಜನ ಸಿಕ್ಕಿಕೊಳ್ಳುವುದು ಇಲ್ಲಿ. ತಪ್ಪಿದ್ದ ಆಧಾರ್ ತೋರಿಸಿ ಮಾಡಿಸಿದ ಪ್ಯಾನ್‌ನಲ್ಲೂ ಅದೇ ತಪ್ಪು ಕೂತಿರುತ್ತದೆ, ಅದನ್ನು ಕೊಟ್ಟು ಪ್ರಯೋಜನವಿಲ್ಲ. ಅಂಥವರು ಮೊದಲು ಮತದಾರರ ಗುರುತಿನ ಚೀಟಿಯನ್ನು ನಮೂನೆ 8ರಲ್ಲಿ ತಿದ್ದಿಸಿಕೊಳ್ಳುವುದು ಒಳ್ಳೆಯದು. ಅದಕ್ಕೆ ಶುಲ್ಕವಿಲ್ಲ. ಜೊತೆಗೆ ಆ ಚೀಟಿಯಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಹೆಸರಿರುವುದರಿಂದ ಕೌಂಟರಿನಲ್ಲಿ ಬೆರಳಿಟ್ಟು ತೋರಿಸಬಹುದು.

ಅಂಚೆ ಕಚೇರಿಯ ಅಥವಾ ಬ್ಯಾಂಕಿನ ಆಧಾರ್ ಕೌಂಟರಿಗೆ ಮೂಲ ದಾಖಲೆಯನ್ನೇ ಒಯ್ಯಿರಿ, ಜೆರಾಕ್ಸ್ ಸಾಲದು. 2025ರ ಅಕ್ಟೋಬರ್ 1ರಿಂದ ಹೆಸರು ತಿದ್ದುಪಡಿಗೆ 75 ರೂಪಾಯಿ, ಮೊದಲು 50 ಇತ್ತು. ಅಡಿಕೆ ಸುಲಿಯುವವರಿಗೆ ಒಂದು ಮಾತು: ಚೊಗರು ಹತ್ತಿ ಸವೆದ ಬೆರಳನ್ನು ಯಂತ್ರ ಹಿಡಿಯದಿದ್ದರೆ ಹಿಂದಿರುಗಬೇಡಿ, ಕಣ್ಣಿನ ಪಾಪೆ ಸ್ಕ್ಯಾನ್ ಮಾಡಲು ಕೇಳಿ.

ಇನ್ನು ನಿಜವಾದ ಅಪಾಯದ ಜಾಗ. ಆಪರೇಟರ್ ಟೈಪ್ ಮಾಡುವುದು ಇಂಗ್ಲಿಷಿನಲ್ಲಿ, ಕನ್ನಡದ ಸಾಲನ್ನು ತಂತ್ರಾಂಶ ತಾನೇ ಊಹಿಸಿ ತುಂಬುತ್ತದೆ. ಇಂಗ್ಲಿಷಿನ ಒಂದು ಎಲ್ ಒಳಗೆ ಲ, ಳ ಎರಡೂ ಇವೆ. ಎನ್ ಅಂದರೆ ನ ಕೂಡ ಹೌದು, ಣ ಕೂಡ ಹೌದು. ಡಿ ಅಂದರೆ ದ ಅಥವಾ ಡ. ಎ ಹ್ರಸ್ವವೋ ದೀರ್ಘವೋ ಅದಕ್ಕೆ ತಿಳಿಯದು. ಲಕ್ಷ್ಮಿ, ಗಣೇಶರಂಥ ಬಳಕೆಯ ಹೆಸರುಗಳು ಹೇಗೋ ದಾಟಿಕೊಳ್ಳುತ್ತವೆ. ಕಾಳಪ್ಪ ಕಾಲಪ್ಪನಾಗುವುದು, ಹಾಲಮ್ಮ ಹಲಮ್ಮಳಾಗುವುದು ಇಲ್ಲೇ. ಪಹಣಿಯಲ್ಲಿರುವುದು ಕನ್ನಡದ ಹೆಸರು, ಆದ್ದರಿಂದ ರೈತರಿಗೆ ಈ ಸಾಲು ಇಂಗ್ಲಿಷಿನಷ್ಟೇ ಮುಖ್ಯ. ಆ ಸಾಲನ್ನು ಆಪರೇಟರ್ ಕೈಯಾರೆ ತಿದ್ದಬಹುದು, ಆದರೆ ಬಾಯಲ್ಲಿ ಹೇಳಿದರೆ ಆಗುವುದಿಲ್ಲ. ಒಂದು ಚೀಟಿಯಲ್ಲಿ ಮೇಲೆ ಇಂಗ್ಲಿಷ್ ದೊಡ್ಡಕ್ಷರ, ಕೆಳಗೆ ಕನ್ನಡ ಬರೆದು, ತ-ಗೆ ಯ ಒತ್ತು ಇರುವುದು ಎದ್ದು ಕಾಣುವಂತೆ ದಪ್ಪಗೆ ಬರೆದು ಕೀಬೋರ್ಡ್ ಪಕ್ಕ ಇಡಿ. ಬೆರಳಚ್ಚು ಕೊಡುವ ಮೊದಲು ಪರದೆ ತಿರುಗಿಸಲು ಹೇಳಿ, ಒಂದೊಂದೇ ಅಕ್ಷರ ಓದಿ. ಹಿಂದೆ ಸಾಲು ನಿಂತಿದೆ ಎಂದು ಸಂಕೋಚಪಡಬೇಡಿ. ಕೈಗೆ ಬಂದ ಸ್ವೀಕೃತಿ ಚೀಟಿಯಲ್ಲೂ ಎರಡೂ ಸಾಲು ನೋಡಿ, ತಪ್ಪಿದ್ದರೆ ಕುರ್ಚಿ ಬಿಟ್ಟು ಏಳುವ ಮೊದಲೇ ಹೇಳಿ. ಆ ಚೀಟಿಯ ಯುಆರ್‌ಎನ್, ಅಂದರೆ ತಿದ್ದುಪಡಿ ಅರ್ಜಿಯ ಸಂಖ್ಯೆ, ಜೋಪಾನ, ಅರ್ಜಿ ಎಲ್ಲಿಗೆ ಬಂತೆಂದು ಆಧಾರ್ ಸಹಾಯವಾಣಿ 1947ಕ್ಕೆ ಕರೆ ಮಾಡಿ ಕೇಳಲು ಅದೇ ಬೇಕು.

ತಿದ್ದುಪಡಿ ಆದಮೇಲೆ ಇ-ಆಧಾರ್ (ಆಧಾರ್‌ನ ಡಿಜಿಟಲ್ ಪ್ರತಿ) ಇಳಿಸಿಕೊಂಡು, ಹಳೇ ಪಾಸ್‌ವರ್ಡ್ ಹಾಕಿದರೆ ಫೈಲ್ ತೆರೆಯುತ್ತಿಲ್ಲವೆಂದು ಗಾಬರಿಯಾಗುವವರಿದ್ದಾರೆ. ಪಾಸ್‌ವರ್ಡ್ ಎಂದರೆ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ ಮತ್ತು ಹುಟ್ಟಿದ ವರ್ಷ. ನಾಲ್ಕನೆಯ ಅಕ್ಷರ ಎಚ್ ಇದ್ದದ್ದು ಈಗ ವೈ ಆಗಿದ್ದರೆ ಪಾಸ್‌ವರ್ಡೂ ಬದಲಾಯಿತು: ಜಿ, ಯು, ಟಿ, ವೈ, ಆಮೇಲೆ 1968.